ಸರ್ಕಾರಿ ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ದು ಪರಿಸರ ವಿಜ್ಞಾನ ಕಲಿಸುವ ಟ್ರಸ್ಟ್ ಶುರು ಮಾಡಬೇಕೆಂದಿದ್ದೇನೆ. ವರ್ಷಕ್ಕೆ ಎಷ್ಟು ಮಕ್ಕಳ ಗುರಿ ಇಟ್ಟುಕೊಳ್ಳಲಿ? ಕಿಟ್‌ಗೆ ಎಷ್ಟು ಖರ್ಚಾಗುತ್ತೆ?

ಐಟಿ ಕೆಲಸ, ಒಂದಿಷ್ಟು ಉಳಿತಾಯ, ಶನಿವಾರ ಬರ್ತೀವಿ ಅಂತ ಮಾತು ಕೊಟ್ಟ ನಾಲ್ಕು ಜನ ಗೆಳೆಯರು. ನೀವು ಕೊಟ್ಟ ವಿವರ ಓದಿ ನಗು ಬಂತು, ಒಂಬತ್ತು ವರ್ಷದ ಹಿಂದೆ ನಾನೇ ಬರೆದಿಟ್ಟ ಹಾಗಿದೆ. ‘ಎಷ್ಟು ಮಕ್ಕಳು’ ಅನ್ನುವ ಆ ಅಂಕಿಯೇ ನನ್ನನ್ನು ಮುಳುಗಿಸಿದ್ದು. ಅಲ್ಲಿಂದಲೇ ಹೇಳ್ತೀನಿ.

ನಮ್ಮದು ತೀರ್ಥಹಳ್ಳಿ ಕಡೆ. ಬೆಂಗಳೂರು ಬಿಟ್ಟು ಬಂದು ಟ್ರಸ್ಟ್ ನೋಂದಾಯಿಸಿ, 12ಎ, 80ಜಿ ಅನ್ನೋ ತೆರಿಗೆ ವಿನಾಯ್ತಿ ನೋಂದಣಿ ಎಲ್ಲ ಮಾಡಿಸಿ, ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಅರ್ಜಿ ಹಾಕಿದೆ. (2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ತೆಗೆದಿಡಬೇಕು. 2021ರ ಏಪ್ರಿಲ್‌ನಿಂದ ಆ ಹಣ ಪಡೆಯೋರು ಸಿಎಸ್‌ಆರ್-1 ಫಾರಂ ಕೂಡ ತುಂಬಬೇಕು. ಇದನ್ನೆಲ್ಲ ಆಡಿಟರ್ ನೋಡ್ಕೋತಾರೆ, ತಲೆ ಕೆಡಿಸ್ಕೋಬೇಡಿ.) ಅರ್ಜಿಯ ಜೊತೆಗಿದ್ದ ಎಕ್ಸೆಲ್ ಹಾಳೆಯಲ್ಲಿ ‘ಫಲಾನುಭವಿಗಳ ಸಂಖ್ಯೆ’ ಅಂತ ಒಂದು ಕಾಲಂ. ರಾತ್ರಿ ಹನ್ನೊಂದು ಗಂಟೆಗೆ ಕೂತು 2,000 ಅಂತ ಹೊಡೆದೆ. ದೊಡ್ಡದಾಗಿ ಕಾಣಲಿ ಅಂತ, ಅಷ್ಟೇ. ಬೇರೆ ಲೆಕ್ಕವೇ ಇರಲಿಲ್ಲ.

ಹಣ ಬಂತು. ಆಮೇಲೆ ಲೆಕ್ಕ ಹಾಕಿದೆ. ಒಂದು ಸಲಕ್ಕೆ 40 ಮಕ್ಕಳು ಅಂದ್ರೆ 50 ದಿನ ಹೊರಗೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಮಳೆ, ಹಳ್ಳಕ್ಕೆ ಇಳಿಯೋ ಹಾಗಿಲ್ಲ. ಅಕ್ಟೋಬರ್‌ನಲ್ಲಿ ದಸರಾ ರಜೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಹೆಡ್ ಮಾಸ್ಟರುಗಳಿಗೆ ಎಸ್ಸೆಸ್ಸೆಲ್ಸಿ ಜ್ವರ. ಉಳಿದ ದಿನಗಳಲ್ಲಿ 50 ಸಲ ಹೋಗಬೇಕೆಂದರೆ ಒಂದು ಶಾಲೆಗೆ ಒಂದೇ ದಿನ. ಬೆಳಿಗ್ಗೆ ವ್ಯಾನ್ ಇಳಿಸು, ಹಳ್ಳ ತೋರಿಸು, ಚಿತ್ರಾನ್ನ ಕೊಡು, ಬ್ಯಾನರ್ ಹಿಡಿಸಿ ಫೋಟೋ ತೆಗಿ, ಹೊರಡು. ಅದೇ ಶಾಲೆಗೆ ಎರಡನೇ ಸಲ ಹೋದರೆ ಹೊಸ ‘ಫಲಾನುಭವಿ’ ಸಿಗೋದಿಲ್ಲ, ಅಂಕಿ ಏರೋದಿಲ್ಲ. ಹಾಗಾಗಿ ಎರಡನೇ ಸಲ ಹೋಗಲೇ ಇಲ್ಲ.

ಒಂದು ದಿನದ ಕತೆ ಕೇಳಿ. ಹಳ್ಳಕ್ಕೆ ಅಡ್ಡಲಾಗಿ ಹಳೇ ಸೊಳ್ಳೆಪರದೆ ಹಿಡಿದು, ಮೇಲ್ಗಡೆ ಒಬ್ಬ ಹುಡುಗ ಕಾಲಿನಿಂದ ಕಲ್ಲು ಕದಡಿದ. ಪರದೆಗೆ ಸಿಕ್ಕಿದ್ದನ್ನು ಬಿಳಿ ಟ್ರೇಗೆ ಸುರಿದೆವು. ಮೇಫ್ಲೈ ಅನ್ನೋ ಕೀಟದ ಮರಿಗಳು, ಮೂರು ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಎಲೆ ಥರದ ಕಿವಿರು ಪಟಪಟ ಬಡೀತಿತ್ತು. ಕ್ಯಾಡಿಸ್ ಅನ್ನೋ ಇನ್ನೊಂದು ಕೀಟದ ಮರಿಯೊಂದು ಮರಳಿನ ಕಾಳನ್ನು ತನ್ನದೇ ರೇಷ್ಮೆಯಲ್ಲಿ ಅಂಟಿಸಿ ಕೊಳವೆ ಕಟ್ಟಿಕೊಂಡಿತ್ತು. ನಾನು ಪಾಠ ಶುರು ಮಾಡಿದೆ: ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ಚೆನ್ನಾಗಿರುವ ತಣ್ಣನೆ ಹರಿಯುವ ನೀರೇ ಬೇಕು, ತೀರಾ ಗಲೀಜು ನೀರಾದ್ರೆ ಕೆಂಪು ರಕ್ತಹುಳದಂಥವೇ ಹೆಚ್ಚಾಗಿ ಸಿಗುತ್ತವೆ, ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಇತ್ಯಾದಿ. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಟ್ರೇ ಬಿಟ್ಟು ಕದಲಲೇ ಇಲ್ಲ. “ಸಾರ್, ಮಳೇಲಿ ಹಳ್ಳ ಕೆಂಪಾಗಿ ಕೊಚ್ಕೊಂಡು ಹೋಗ್ತದಲ್ಲ, ಆಗ ಇದೆಲ್ಲ ಎಲ್ಲಿರ್ತದೆ?” ಅಂದಳು.

ಕೆಲವು ಕೊಚ್ಚಿ ಹೋಗ್ತವೆ, ಕೆಲವು ಜಲ್ಲಿಯ ಸಂದಿಗೆ ಇಳೀತವೆ ಅಂತ ನನಗೆ ಗೊತ್ತಿತ್ತು, ಹೇಳಿಯೂ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆಗಸ್ಟ್‌ನಲ್ಲಿ ಮಳೆ ಬಿಟ್ಟ ಎರಡು ದಿನ ನೋಡಿಕೊಂಡು, ದಂಡೆಯಲ್ಲೇ ನಿಂತು ಅದೇ ಪರದೆ ಇಳಿಸಬೇಕಿತ್ತು. ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಎಣಿಸಬೇಕಿತ್ತು. ಆದರೆ ಆಗಸ್ಟ್‌ನಲ್ಲಿ ನಾನು ಶಿವಮೊಗ್ಗದಲ್ಲಿ ಕೂತು ಮುಂದಿನ 2,000ಕ್ಕೆ ಶಾಲೆಗಳ ಪಟ್ಟಿ ಮಾಡ್ತಿದ್ದೆ.

ಮಾರನೇ ವರ್ಷ ಅದೇ ಶಾಲೆಗೆ ಫೋನ್ ಮಾಡಿ ಹೊಸ ಎಂಟನೇ ಕ್ಲಾಸಿನವರನ್ನು ಕಳಿಸಿ ಅಂದೆ. ಹೆಡ್ ಮಾಸ್ಟರು ಬೈಲಿಲ್ಲ. “ನೀವು ಬಂದು ಹೋದ ಮೇಲೆ ನನ್ನ ಹತ್ರ ಫೋಟೋ ಬಿಟ್ರೆ ಏನೂ ಉಳೀಲಿಲ್ಲ ಮಾರಾಯ್ರೆ. ಅದಕ್ಕೆ ಒಂದು ದಿನದ ಪಾಠ ಯಾಕೆ ಕಳೀಲಿ?” ಅಂದರು. ಮೂರನೇ ವರ್ಷ ಕಂಪನಿಯೂ ಕೈಬಿಟ್ಟಿತು. ಇನ್ಯಾರೋ ಒಂದೊಂದು ಮಗುವಿಗೆ ನಮಗಿಂತ ಕಮ್ಮಿ ದುಡ್ಡಿಗೆ, ನಮಗಿಂತ ಜಾಸ್ತಿ ಮಕ್ಕಳ ಲೆಕ್ಕ ಕೊಟ್ಟಿದ್ದರಂತೆ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ? ತಲೆ ಎಣಿಸೋ ಆಟಕ್ಕೆ ಇಳಿದವನು ನಾನೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಮಕ್ಕಳ ಗುರಿ ಬೇಡ, ಭೇಟಿಯ ಗುರಿ ಬರೆಯಿರಿ: ಎರಡೇ ಶಾಲೆ, ವರ್ಷಕ್ಕೆ ಒಂದೊಂದಕ್ಕೂ ಹತ್ತು ಸಲ. ‘ಕಾಡಿಗೆ’ ಅನ್ನೋದನ್ನೂ ಬಿಡಿ. ಕಾಡು ತೋರಿಸೋಕೆ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಇದೆ. ಅದೂ ಅಲ್ಲದೆ ಬೆಂಗಳೂರಿನ ಗೆಳೆಯರಿಗೆ ರಜೆ ಸಿಗುತ್ತೆ ಅಂತ ಜನವರಿಯಲ್ಲಿ ಮಲೆನಾಡಿನ ಕಾಡಿಗೆ ಕ್ಯಾಂಪ್ ಇಡೋರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ರೋಗ ಅದು, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಮಕ್ಕಳನ್ನು ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರಿಸಿ ‘ಪ್ರಕೃತಿಯ ಸದ್ದು ಕೇಳಿ’ ಅನ್ನಬೇಡಿ.

ಶಾಲೆಯ ಹಿಂದಿನ ಹಳ್ಳ ಸಾಕು. ಹಳ್ಳ ಇಲ್ಲವಾ, ಅಂಗಳದ ಹೊಂಗೆ ಮರ ಸಾಕು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್‌ನಲ್ಲಿ ಮಕ್ಕಳು ಮಾಡೋದು ಇಷ್ಟೇ, ಒಂದು ಮರ ಹಿಡಿದು ವಾರವಾರ ಚಿಗುರು, ಹೂ, ಕಾಯಿ ಬರೆದಿಡೋದು. ಹೋದದ್ದಕ್ಕೇ ಮತ್ತೆ ಹೋಗೋದು ಅದರಲ್ಲಿ ಮೊದಲೇ ಇದೆ. ಬಹಳ ಶಾಲೆಗಳಲ್ಲಿ ಇಕೋ ಕ್ಲಬ್ ಕಾಗದದ ಮೇಲಾದರೂ ಇರುತ್ತೆ, ಹೊಸ ಹೆಸರಿನ ಸಂಘ ಕಟ್ಟೋಕೆ ಹೋಗಬೇಡಿ. ವಿಜ್ಞಾನದ ಮೇಷ್ಟ್ರ ಕೈಗೆ ಎಣಿಕೆ ಬರೆದಿಡೋ ಪುಸ್ತಕ ಕೊಟ್ಟು ನೀವು ಪಕ್ಕಕ್ಕೆ ನಿಲ್ಲಿ.

ನಾನೀಗ ಎರಡು ಶಾಲೆ ಮಾತ್ರ ನೋಡ್ಕೋತೀನಿ, ಕಂಪನಿ ಹಣ ಇಲ್ಲ, ಅಡಿಕೆಯಲ್ಲಿ ಬಂದಿದ್ದರಲ್ಲಿ ನಡೆಯುತ್ತೆ. ಒಂದು ಶಾಲೆಯ ಪುಸ್ತಕದಲ್ಲಿ ನಾಲ್ಕು ವರ್ಷದ ಎಣಿಕೆ ಇದೆ. ಅಕ್ಷರ ಬದಲಾಗ್ತಾ ಹೋಗಿದೆ, ಹಳ್ಳ ಅದೇ.

ಕಿಟ್ ಖರ್ಚು ಕೇಳಿದ್ರಲ್ಲ. ಬಿಳಿ ಟ್ರೇ ಎರಡು, ಹರಿದ ಸೊಳ್ಳೆಪರದೆ, ಥರ್ಮಾಮೀಟರ್, ಪಿಎಚ್ ಪಟ್ಟಿ, ಟೇಪು, ಭೂತಗನ್ನಡಿ. ಎಲ್ಲ ಸೇರಿ ನಿಮ್ಮ ವ್ಯಾನಿನ ಒಂದು ದಿನದ ಬಾಡಿಗೆಯಷ್ಟೂ ಆಗೋದಿಲ್ಲ. ನೀರಿನ ವೇಗಕ್ಕೆ ಒಂದು ನಿಂಬೆಹಣ್ಣು: ಹತ್ತು ಮೀಟರ್ ಎಷ್ಟು ಸೆಕೆಂಡಿಗೆ ತೇಲಿತು ನೋಡಿ ಮೇಲ್ಮೈ ವೇಗ ತೆಗೆಯಿರಿ, ಅದನ್ನು 0.85ರಿಂದ ಗುಣಿಸಿದರೆ ಸುಮಾರಾಗಿ ಸರಾಸರಿ ವೇಗ. ಮಳೆಗಾಲದಲ್ಲಿ ಇದನ್ನು ಸಿಮೆಂಟ್ ಸೇತುವೆ ಮೇಲಿಂದ ಮಾತ್ರ ಮಾಡಿಸಿ, ಕಾಲುಸಂಕದ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ನಿಂಬೆಹಣ್ಣು ತರೋ ಕೆಲಸ ಮಕ್ಕಳಿಗೇ ಬಿಡಿ. ನಾನು ಒಂದು ಕೇಳಿದ್ದಕ್ಕೆ ಇಪ್ಪತ್ತಾರು ಬಂದಿತ್ತು.