ದುಬೈಯಲ್ಲಿ ಬಿಲ್ ದುಡ್ಡು ಯಾವಾಗ ಬರುತ್ತದೆ?

ತಮ್ಮಾ, ಸೋಮವಾರಪೇಟೆಯಿಂದ ಬಂದು ಇನ್ನೂ ವರ್ಷ ಆಗಿಲ್ಲ, ಆಗಲೇ ಸ್ವಂತ ಲೈಸೆನ್ಸ್ ಮಾಡಿಸಿ ಪ್ಲಂಬಿಂಗ್ ಸಬ್‌ಕಾಂಟ್ರಾಕ್ಟ್ ಹಿಡಿಯುತ್ತೇನೆ ಅಂತ ಬರೆದಿದ್ದೀಯ. ಬಿಲ್ ಕೊಟ್ಟ ಮೇಲೆ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ, ಬಾಡಿಗೆ ಎಲ್ಲಿ ಕಡಿಮೆ, ಹೆಂಡತಿಯನ್ನು ಯಾವಾಗ ಕರೆಸಬಹುದು ಅಂತ ಕೇಳಿದ್ದೀಯ. ಬಾಡಿಗೆ ಶಾರ್ಜಾದಲ್ಲಿ ಕಡಿಮೆ, ಬೆಳಗ್ಗೆ ಟ್ರಾಫಿಕ್ ಜಾಸ್ತಿ. ಅದು ಅಷ್ಟೇ. ದುಡ್ಡಿನ ಮಾತಿಗೆ ಬರುತ್ತೇನೆ.

ನಾನು 2006ರಲ್ಲಿ ಬಂದಾಗ ಸೋನಾಪುರದಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿದ್ದೆ, ಪೈಪ್ ಹೊರುವ ಹೆಲ್ಪರ್. ಸಂಬಳ ತಡವಾದರೆ ನಮ್ಮ ಸಬ್‌ಕಾಂಟ್ರಾಕ್ಟರನ್ನು ಎಲ್ಲರೂ ಬಾಯಿಗೆ ಬಂದಂತೆ ಬೈಯುತ್ತಿದ್ದೆವು. ಪಾಪ, ಅವನಿಗೂ ಮೇಲಿನಿಂದ ಬಂದಿರುತ್ತಿರಲಿಲ್ಲ.

ನಮ್ಮ ಊರಲ್ಲೂ ದುಡ್ಡು ತಡವೇ. ಕಾಫಿ ಕೊಯ್ದು, ಒಣಗಿಸಿ, ಮಾರಿದ ಮೇಲೆ ಮೇಸ್ತ್ರಿ ಬಾಕಿ, ಅಂಗಡಿ ಬಾಕಿ ತೀರುವುದು. ಆದರೆ ಗಿಡದಲ್ಲಿ ಕಾಯಿ ಎಷ್ಟಿದೆ ಅಂತ ಬೇಲಿ ಆಚೆಯಿಂದಲೇ ಕಾಣುತ್ತದೆ. ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಎದುರು ಸಿಕ್ಕವನು ಎಷ್ಟು ಸಲ ಮುಖ ತಪ್ಪಿಸಿಯಾನು? ಇಲ್ಲಿ ಕಟ್ಟಡದ ಮಾಲೀಕನ ಮುಖವನ್ನೇ ನೀನು ನೋಡಿರುವುದಿಲ್ಲ. ಅವನು ನಿನಗೆ ಕೆಲಸ ಕೊಟ್ಟ ಮೈನ್ ಕಾಂಟ್ರಾಕ್ಟರಿಗೆ ದುಡ್ಡು ಕೊಟ್ಟರೆ ನಿನಗೂ ಬಂತು, ಇಲ್ಲದಿದ್ದರೆ ಇಲ್ಲ. 'ಬ್ಯಾಕ್ ಟು ಬ್ಯಾಕ್' ಷರತ್ತು ಅಂದರೆ ಇದೇ. ಬ್ರಿಟನ್ನಿನಲ್ಲಿ 1996ರ ಕಾಯ್ದೆ ಇಂಥದ್ದನ್ನು ಬಹುಮಟ್ಟಿಗೆ ತಡೆದಿದೆ. ನಮ್ಮ ದೇಶದಲ್ಲೂ ಸಣ್ಣ ಉದ್ದಿಮೆಗಳಿಗೆ 2006ರ ಕಾಯ್ದೆಯ 45 ದಿನದ ಗಡುವು ಕಾಗದದ ಮೇಲಾದರೂ ಇದೆ. ಇಲ್ಲಿ ನೀನು ಸಹಿ ಹಾಕಿದ ಅಗ್ರಿಮೆಂಟೇ ನಿನ್ನ ಹಣೆಬರಹ.

ದುಡ್ಡು ನಿಂತಿತು ಅಂತ ಖರ್ಚು ನಿಲ್ಲುವುದಿಲ್ಲವಲ್ಲ. ಹುಡುಗರ ಸಂಬಳ ಡಬ್ಲ್ಯೂಪಿಎಸ್‌ನಲ್ಲೇ, ಅಂದರೆ ಸರ್ಕಾರ ಕಣ್ಣಿಟ್ಟಿರುವ ಸಂಬಳ ಪಾವತಿ ವ್ಯವಸ್ಥೆಯಲ್ಲೇ ಹೋಗಬೇಕು, ತಡವಾದರೆ ಹೊಸ ಕೆಲಸಗಾರರ ಪರ್ಮಿಟ್ ನಿಲ್ಲಿಸುತ್ತಾರೆ. ಟ್ಯಾಕ್ಸ್ ಇನ್‌ವಾಯ್ಸ್ ಕೊಟ್ಟೆಯೋ, ದುಡ್ಡು ಬರದಿದ್ದರೂ ಶೇ. 5 ವ್ಯಾಟ್ ನೀನೇ ಕಟ್ಟಬೇಕು. ಅದಕ್ಕೇ ಮೊದಲು ಪೇಮೆಂಟ್ ಅಪ್ಲಿಕೇಷನ್ ಕೊಡು, ಅಂದರೆ ಇಷ್ಟು ಕೆಲಸ ಆಗಿದೆ, ಇಷ್ಟು ಬರಬೇಕು ಅನ್ನುವ ಅರ್ಜಿ. ಅವರು ಅದನ್ನು ಒಪ್ಪಿ ಸರ್ಟಿಫೈ ಮಾಡಿದ ಮೇಲೆ ಇನ್‌ವಾಯ್ಸ್. ಕೆಲಸದಲ್ಲಿ ದೋಷ ಕಂಡರೆ ಅಂತ ರಿಟೆನ್ಷನ್ ಹೆಸರಲ್ಲಿ ಬಿಲ್ಲಿನಿಂದ ಸಾಮಾನ್ಯವಾಗಿ ಶೇ. 10 ಹಿಡಿಯುತ್ತಾರೆ. ಅದರಲ್ಲಿ ಅರ್ಧ ಕಟ್ಟಡ ಹ್ಯಾಂಡೋವರ್ ಆದಾಗ ಬಿಡುತ್ತಾರೆ, ಉಳಿದರ್ಧ ಮತ್ತೆ ಒಂದು ವರ್ಷ ಕಳೆದ ಮೇಲೆ. ನಿನ್ನ ಲಾಭ ಪೂರ್ತಿ ಅದರೊಳಗೇ ಕೂತಿರುತ್ತದೆ.

2018ರ ಆಗಸ್ಟ್ ಮಳೆಗೆ ಮಾದಾಪುರದ ಹತ್ತಿರ ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು. ಅಷ್ಟರಲ್ಲಿ ನಾನೂ ಸಬ್‌ಕಾಂಟ್ರಾಕ್ಟರ್ ಆಗಿದ್ದೆ, ಸರಿಯಾಗಿ ಆಗಲೇ ಇಲ್ಲಿ ಒಂದು ದೊಡ್ಡ ಕಂಪನಿ ನನ್ನ ಬಿಲ್ಲುಗಳನ್ನು ತಡೆದಿತ್ತು. ಅಕೌಂಟ್ಸ್‌ನವರ ಬಾಯಲ್ಲಿ ನಾಳೆ, ನಾಡಿದ್ದು. ಊರಿಗೆ ಕಳಿಸಬೇಕಿದ್ದದ್ದೆಲ್ಲ ಹುಡುಗರ ಸಂಬಳಕ್ಕೆ ಹೋಯಿತು. ಮುಂದಿನ ಮಳೆಗಾಲವನ್ನೂ ಅವ್ವ ಟಾರ್ಪಾಲಿನ ಮರೆಯಲ್ಲೇ ಕಳೆದರು. ಮಗ ದುಬೈಯಲ್ಲಿ ಬಿಲ್ಡಿಂಗ್ ಕಟ್ಟುತ್ತಾನಂತೆ ಅಂತ ಊರವರು ಆಡಿಕೊಂಡರು. ಆಡಿಕೊಳ್ಳದೆ ಇರುತ್ತಾರಾ? ಕೊನೆಗೆ ಸ್ವಲ್ಪ ಬಿಟ್ಟುಕೊಟ್ಟು ಸೆಟಲ್ ಮಾಡಿಕೊಂಡೆ. ಕೇಸು ಹಾಕಿದವನಿಗೆ ಮುಂದಿನ ಕೆಲಸ ಯಾರು ಕೊಡುತ್ತಾರೆ? ಒಬ್ಬ ಹುಡುಗನ ಸಂಬಳವನ್ನೂ ನಿಲ್ಲಿಸಲಿಲ್ಲ, ಆ ಹೆಮ್ಮೆ ಇದೆ. ಅವ್ವನ ಎದುರು ಮಾತ್ರ ಅದನ್ನು ಹೇಳಿಕೊಳ್ಳಲು ಇವತ್ತಿಗೂ ನಾಲಿಗೆ ಏಳುವುದಿಲ್ಲ.

ಮುಂದಿನ ತಾರೀಖಿನ ಚೆಕ್ ಕೊಟ್ಟರೆ ತೆಗೆದುಕೋ. ಬೌನ್ಸ್ ಆದರೆ 2022ರಿಂದ ಮೊದಲಿನಂತೆ ಪೊಲೀಸ್ ಭಯ ಇಲ್ಲ, ಆದರೆ ವಸೂಲಿಗೆ ನೇರ ಕೋರ್ಟಿಗೆ ಹೋಗಬಹುದು. ಎಕ್ಸ್‌ಟ್ರಾ ಕೆಲಸ ಬಾಯಿಮಾತಿಗೆ ಮಾಡಬೇಡ, ಇಮೇಲ್ ಬರಲಿ. ನಾಲ್ಕು ತಿಂಗಳ ಸಂಬಳಕ್ಕಾಗುವಷ್ಟು ಕೈಯಲ್ಲಿ ಇಲ್ಲದೆ ಲೈಸೆನ್ಸಿನ ಕಡೆ ತಲೆ ಹಾಕಬೇಡ.

ಹೆಂಡತಿಯನ್ನು ಕರೆಸುವುದು ಮೊದಲ ರಿಟೆನ್ಷನ್ ಕೈಗೆ ಬಂದ ಮೇಲೆ ನೋಡೋಣ. ಅಲ್ಲಿಯವರೆಗೆ ಹುತ್ತರಿಗಾದರೂ ಊರಿಗೆ ಹೋಗಿ ಬಾ.