ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಫೋಟೋದ ಹಿನ್ನೆಲೆ ತೆಗೆಯುವ ಬಗ್ಗೆ ಟ್ಯುಟೋರಿಯಲ್ ಬರೆದಿದ್ದೇನೆ. ಹೊಸಬರಿಗೆ ಉಪಯೋಗ ಆಗುತ್ತಾ ಅಂತ ಪರೀಕ್ಷಿಸುವುದು ಹೇಗೆ? ಎಷ್ಟು ಜನ ಬೇಕು?

"ಅರ್ಥ ಆಯ್ತಾ?" ಅಂತ ಮಾತ್ರ ಯಾರನ್ನೂ ಕೇಳಬೇಡಿ. ಬರೆದವರೇ ಎದುರಿಗೆ ಕೂತಿರುವಾಗ ಎಲ್ಲರೂ ಹೂಂ ಅನ್ನುತ್ತಾರೆ. ಟ್ಯುಟೋರಿಯಲ್ ಜೊತೆ ಒಂದು ಫೋಟೋ ಕೊಟ್ಟು ಕೆಲಸ ಮಾಡಲು ಬಿಡಿ. ಮಾಡುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಲಿ. ಎಲ್ಲಿ ಕೈ ನಿಂತಿತು, ಯಾವ ಸಾಲನ್ನು ಮತ್ತೆ ಓದಿದರು, ಎಲ್ಲಿ ಅನ್‌ಡೂ ಒತ್ತಿದರು ಅನ್ನುವುದನ್ನು ಬರೆದುಕೊಳ್ಳಿ.

ಇದರಲ್ಲಿ ಕಷ್ಟದ ಕೆಲಸ ಅಂದರೆ ನೀವು ಸುಮ್ನೆ ಕೂರುವುದು. "ಅದಲ್ಲ, ಅದರ ಕೆಳಗಿನದು" ಅಂದಿರೋ, ಆ ಹಂತದ ಪರೀಕ್ಷೆ ಅಲ್ಲಿಗೆ ಕೆಟ್ಟಿತು. "ಇದನ್ನ ಒತ್ತಲಾ?" ಅಂತ ಕೇಳಿದರೆ, "ನಾನು ಇಲ್ಲಿಲ್ಲ ಅಂದ್ಕೊಳ್ಳಿ, ಏನು ಮಾಡ್ತಿದ್ರಿ?" ಅನ್ನಿ.

ತಡವರಿಸುವವರು ಹೇಗೂ ಕಣ್ಣಿಗೆ ಬೀಳುತ್ತಾರೆ. ನನಗೆ ಹೆಚ್ಚು ಭಯ, ತಪ್ಪಾಗಿದ್ದರೂ ಸರಿಯಾಯಿತು ಅಂದುಕೊಂಡು ಮುಂದೆ ಹೋಗುವವರದು. ನಿಮ್ಮ ವಿಷಯದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಜೆಪೆಗ್ ಫೋಟೋದಲ್ಲಿ ಪಾರದರ್ಶಕತೆ ಇರುವುದಿಲ್ಲ. ಗಿಂಪ್ 2.10ರಲ್ಲಿ ಅದನ್ನು ತೆರೆದಾಗ ಆ ಲೇಯರ್‌ಗೆ (ಚಿತ್ರದ ಪದರಕ್ಕೆ) ಆಲ್ಫಾ ಚಾನೆಲ್, ಅಂದರೆ ಪಾರದರ್ಶಕತೆಯ ಮಾಹಿತಿ ಇಡುವ ಭಾಗ, ಇರುವುದಿಲ್ಲ. ಹಿನ್ನೆಲೆ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದರೆ ಪಾರದರ್ಶಕ ಜಾಗವನ್ನು ತೋರಿಸುವ ಬೂದು ಚೌಕುಳಿ ಕಾಣಬೇಕು, ಆದರೆ ಬ್ಯಾಕ್‌ಗ್ರೌಂಡ್ ಬಣ್ಣ, ಸಾಮಾನ್ಯವಾಗಿ ಬಿಳಿ, ತುಂಬಿಕೊಳ್ಳುತ್ತದೆ. ಹೊಸಬರು "ಹಾಂ, ಹೋಯ್ತು!" ಅಂತ ಖುಷಿಪಡುತ್ತಾರೆ. ಆಮೇಲೆ ಆ ಚಿತ್ರವನ್ನು ಬಣ್ಣದ ಪೋಸ್ಟರ್ ಮೇಲೆ ಇಟ್ಟಾಗಲೇ ಸುತ್ತ ಬಿಳಿ ಡಬ್ಬ ಕಾಣುವುದು. ತೆರೆಯುವ ಚಿತ್ರಗಳಿಗೆ ತಾನಾಗೇ ಆಲ್ಫಾ ಚಾನೆಲ್ ಸೇರಿಸುವ ಆಯ್ಕೆ ಪ್ರಿಫರೆನ್ಸಸ್‌ನಲ್ಲಿದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಆನ್ ಆಗಿದ್ದರೆ ನಿಮಗೆ ಈ ತೊಂದರೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಪರೀಕ್ಷೆಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದ ಗಿಂಪ್‌ನಲ್ಲೇ ಮಾಡಿಸಿ. ಟ್ಯುಟೋರಿಯಲ್‌ಗೆ "ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿಯಲ್ಲಿ ಆಡ್ ಆಲ್ಫಾ ಚಾನೆಲ್ ಒತ್ತಿ" ಅನ್ನುವ ಸಾಲು ಸೇರಿಸಿ. ಡಿಲೀಟ್ ಹಂತದ ಕೆಳಗೆ "ಚೌಕುಳಿ ಕಾಣದಿದ್ದರೆ ಹೀಗೆ ಮಾಡಿ" ಅಂತಲೂ ಹಾಕಿ.

ಸೇವ್ ಹಂತವೂ ಹೀಗೇ. 2012ರಲ್ಲಿ ಬಂದ 2.8 ಆವೃತ್ತಿಯಿಂದ ಸೇವ್ ಅಂದರೆ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಫೈಲ್ ಮಾತ್ರ. ಪಾರದರ್ಶಕತೆ ಉಳಿಸಿಕೊಳ್ಳುವ ಪಿಎನ್‌ಜಿ ಚಿತ್ರ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. ಆದ್ದರಿಂದ ಪರದೆ ನೋಡಿ ಪಾಸ್ ಮಾಡಬೇಡಿ. ಕೊನೆಗೆ ಉಳಿದ ಫೈಲನ್ನು ಬಣ್ಣದ ಹಾಳೆಯ ಮೇಲಿಟ್ಟು ನೋಡಿ.

ಇನ್ನು ಎಷ್ಟು ಜನ ಅನ್ನೋದು. 5 ಜನ ಸಾಕು ಅನ್ನುವ ಮಾತು, ಬಳಕೆದಾರರಿಂದ ಪರೀಕ್ಷೆ ಮಾಡಿಸುವುದರ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದರಿಂದ ಪ್ರಸಿದ್ಧವಾಯಿತು. ಅವರ ಲೆಕ್ಕದಲ್ಲಿ ಒಬ್ಬರಿಂದ ಸರಾಸರಿ 31%, ಐವರಿಂದ ಸುಮಾರು 85% ತೊಂದರೆಗಳು ಹೊರಬರುತ್ತವೆ. ಎಲ್ಲ ಕಡೆಗೂ ಈ ಸಂಖ್ಯೆ ಹೊಂದುವುದಿಲ್ಲ ಅನ್ನುವ ತಕರಾರೂ ಇದೆ, ಅದು ಸರಿಯೇ. ನಿಮ್ಮಂಥ ಸಣ್ಣ ಕೆಲಸಕ್ಕೆ ಮೂವರನ್ನು ಕೂರಿಸಿ, ತಿದ್ದಿ, ಆಮೇಲೆ ಹೊಸ ಮೂವರನ್ನು ಕೂರಿಸುವುದು ವಾಸಿ. ಅದೇ ಮೂವರು ಬೇಡ, ಅವರು ಈಗಾಗಲೇ ಕಲಿತುಬಿಟ್ಟಿರುತ್ತಾರೆ. ಡಿಸೈನರ್ ಗೆಳೆಯರೂ ಬೇಡ. ನೀವು ಬಿಟ್ಟ ಹಂತವನ್ನು ಅವರು ತಮಗೇ ಗೊತ್ತಿಲ್ಲದೆ ತುಂಬಿಕೊಳ್ಳುತ್ತಾರೆ.

ನಿಮ್ಮ ಸ್ಕ್ರೀನ್‌ಶಾಟ್‌ಗಳು ಹಳೆಯವಾಗಿದ್ದರೆ ಮೊದಲೇ ಬದಲಿಸಿ. 2020ರ 2.10.18 ಆವೃತ್ತಿಯಿಂದ ಟೂಲ್‌ಗಳು ಗುಂಪುಗುಂಪಾಗಿ ಅಡಗಿಕೊಂಡಿವೆ. ಚಿತ್ರದಲ್ಲಿರುವ ಐಕಾನ್ ಪರದೆಯಲ್ಲಿ ಇಲ್ಲದಿದ್ದರೆ ಪರೀಕ್ಷೆಯ ಹೊತ್ತೆಲ್ಲ ಅದನ್ನು ಹುಡುಕುವುದರಲ್ಲೇ ಹೋಗುತ್ತದೆ.

ಎಲ್ಲ ಮುಗಿದ ಮೇಲೆ, ಸಾಧ್ಯವಾದರೆ ಮರುದಿನ, ಟ್ಯುಟೋರಿಯಲ್ ಇಲ್ಲದೆ ಬೇರೊಂದು ಫೋಟೋ ಕೊಡಿ. ಕೂದಲು ಕೆದರಿದವರ ಫೋಟೋ ಆದರೆ ಇನ್ನೂ ಒಳ್ಳೆಯದು. ನಿಮ್ಮ ಹಂತಗಳನ್ನು ಸುಮ್ನೆ ನಕಲು ಮಾಡಿದ್ದರೋ, ಕಲಿತಿದ್ದರೋ ಅಲ್ಲಿ ಗೊತ್ತಾಗುತ್ತದೆ.