ನೋವು ಹೋಗಿದೆ, ಓಡಲು ಶುರು ಮಾಡಲೇ?

ಪ್ರಶ್ನೆ: ನನಗೆ 27 ವರ್ಷ. ಕೆಲಸ ಸಿಕ್ಕಿತು ಎಂದು ಆರು ತಿಂಗಳ ಹಿಂದೆ ಸಣ್ಣ ಊರಿನಿಂದ ದೊಡ್ಡ ನಗರಕ್ಕೆ ಬಂದೆ. ಇಲ್ಲಿ ಯಾರ ಪರಿಚಯವೂ ಇಲ್ಲ. ಕಾಲೇಜಿನಿಂದಲೂ ಓಡುವ ಅಭ್ಯಾಸವಿತ್ತು. ಊರಿನ ಮಣ್ಣು ರಸ್ತೆಯಲ್ಲಿ ವಾರಕ್ಕೆ 20 ಕಿಲೋಮೀಟರ್ ಆಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ನನ್ನದು ಅನ್ನಿಸುತ್ತಿದ್ದದ್ದು ಬೆಳಗಿನ ಓಟ ಒಂದೇ. ಓಡುವವರ ಗುಂಪೊಂದಕ್ಕೆ ಸೇರಿದೆ, ಎರಡೇ ತಿಂಗಳಲ್ಲಿ ವಾರಕ್ಕೆ 45 ಕಿಲೋಮೀಟರ್ ಮುಟ್ಟಿದೆ. ಬಲಗಾಲಿನಲ್ಲಿ ಮಂಡಿಯ ಕೆಳಗೆ ನೋವು ಶುರುವಾಯಿತು. ಮಾತ್ರೆ ನುಂಗಿ ಮೂರು ವಾರ ಓಡಿದೆ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐ ಮಾಡಿದಾಗ ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಭಾರ ಬಿದ್ದು ಮೂಳೆಯಲ್ಲಿ ಆಗುವ ಸಣ್ಣ ಬಿರುಕು) ಎಂದರು. ಎಂಟು ವಾರ ಓಡುವ ಹಾಗಿಲ್ಲ. ಈಗ ಐದು ವಾರ ಆಗಿದೆ, ನಡೆಯುವಾಗ ನೋವಿಲ್ಲ. ಗುಂಪಿನವರೆಲ್ಲ ಸೇರಿ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇವೆ, ಇನ್ನು ಒಂಬತ್ತು ವಾರ ಇದೆ. ಕಾಲಿನ ವಿಷಯ ಅವರಿಗೆ ಗೊತ್ತಿಲ್ಲ, ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದಷ್ಟೇ ಹೇಳಿದ್ದೇನೆ. ಅಮ್ಮನಿಗೂ ಹೇಳಿಲ್ಲ, ಹೇಳಿದರೆ ವಾಪಸ್ ಬಾ ಎನ್ನುತ್ತಾರೆ. ರೂಮಿಗೆ ಬಂದರೆ ಮಾತಾಡಲು ಯಾರೂ ಇಲ್ಲ. ಒಬ್ಬಳಿಗೇ ಏನು ಅಡುಗೆ ಎಂದು ಏನೋ ಒಂದಿಷ್ಟು ತಿಂದು ಮಲಗುತ್ತೇನೆ, ನಿದ್ದೆಯೂ ಸರಿಯಾಗಿ ಬರುವುದಿಲ್ಲ. ಆಪರೇಷನ್ ಆಗಿ 17 ದಿನಕ್ಕೇ ಮ್ಯಾರಥಾನ್ ಗೆದ್ದವರಿದ್ದಾರಂತೆ. ನಾನೂ ನಿಧಾನವಾಗಿ ಶುರು ಮಾಡಬಹುದಾ? ಇಲ್ಲ, ಈ ನಗರವೇ ನನಗೆ ಆಗಿಬರುವುದಿಲ್ಲ ಎಂದು ಊರಿಗೆ ಹೋಗಿಬಿಡಲೇ? (ಹೆಸರು ಬೇಡ)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಓಡಬೇಡಿ. ನಿಧಾನವಾಗಿಯೂ ಬೇಡ, ಒಂದೇ ಒಂದು ಸುತ್ತು ಎಂದೂ ಬೇಡ. ನಡೆಯುವಾಗ ನೋವಿಲ್ಲ ಅಂದರೆ ಆ ಮೂಳೆ ನಡಿಗೆಗೆ ತಯಾರಾಗಿದೆ ಎಂದು ಅರ್ಥ, ಅಷ್ಟೇ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ನೆಲದಿಂದ ಕಾಲಿಗೆ ಬರುತ್ತದೆ, ಅದೂ ಒಂದೇ ಕಾಲಿನ ಮೇಲೆ, ಅದೂ ಒಂದು ಕಿಲೋಮೀಟರಿಗೆ ನೂರಾರು ಸಲ. ಅದನ್ನು ತಡೆಯುವಷ್ಟು ಅದು ಇನ್ನೂ ಗಟ್ಟಿಯಾಗಿಲ್ಲ.

ಮೂಳೆಯ ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಾದರೆ ಕಾಯುವುದು ಸ್ವಲ್ಪ ಸುಲಭವಾಗುತ್ತದೆ. ಭಾರ ಬಿದ್ದಾಗ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಆಗುತ್ತವೆ. ಅದು ಎಲ್ಲರಿಗೂ ಆಗುವಂಥದ್ದು. ದೇಹ ಆ ಜಾಗದ ಹಳೇ ಮೂಳೆಯನ್ನು ಕೆರೆದು ತೆಗೆದು ಅಲ್ಲಿ ಹೊಸದನ್ನು ತುಂಬುತ್ತದೆ. ತೆಗೆಯುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ, ತುಂಬಿ ಗಟ್ಟಿ ಮಾಡುವುದಕ್ಕೆ ತಿಂಗಳುಗಳೇ ಬೇಕು. ಈ ನಡುವಿನ ದಿನಗಳಲ್ಲಿ ಮೂಳೆ ಮೊದಲಿಗಿಂತಲೂ ಬಡವಾಗಿರುತ್ತದೆ. ನೀವು 20ರಿಂದ 45ಕ್ಕೆ ಹಾರಿದ್ದು ಸರಿಯಾಗಿ ಆ ದಿನಗಳಲ್ಲೇ. ನಿಮ್ಮ ಉಸಿರು ತಯಾರಿತ್ತು, ಹೃದಯ ತಯಾರಿತ್ತು, ಅವು ಬೇಗ ಹೊಂದಿಕೊಳ್ಳುತ್ತವೆ. ಮೂಳೆಗೆ ಆ ವೇಗ ಇಲ್ಲ. ಇಲ್ಲಿಯ ಕಾಂಕ್ರೀಟ್ ನೆಲವೇ ಕಾರಣ ಎಂದು ನಿಮಗೆ ಅನ್ನಿಸುತ್ತಿರಬಹುದು. ನೆಲ ಬದಲಾದದ್ದೂ ಒಂದು ಪಾಲು ಇರಬಹುದು, ಆದರೆ ಗಟ್ಟಿ ನೆಲದ ಮೇಲೆ ವರ್ಷಗಟ್ಟಲೆ ಆರಾಮಾಗಿ ಓಡುವವರು ಎಷ್ಟೋ ಜನ ಇದ್ದಾರೆ. ಬದಲಾವಣೆಗಳೆಲ್ಲ ಒಟ್ಟಿಗೇ ಬಂದದ್ದು ಹೆಚ್ಚಿನ ಕಾರಣ.

ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ ಎಂದಿರಿ. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್-ರೇಗೆ ಸಿಗದಿರುವುದು ಮಾಮೂಲಿ, ಅದಕ್ಕೇ ಎಂಆರ್‌ಐ ಮಾಡಿಸಿದ್ದು. ಎಂಟು ವಾರ ಎನ್ನುವುದು ಬಾಯಿಗೆ ಬಂದ ಲೆಕ್ಕವಲ್ಲ, ಬಿರುಕು ಮೂಳೆಯ ಯಾವ ಜಾಗದಲ್ಲಿದೆ, ಎಷ್ಟು ಆಳ ಇದೆ ಎಂದು ನೋಡಿ ಹೇಳುವಂಥದ್ದು. ಅದೇ ಮೂಳೆಯ ಮುಂಭಾಗದಲ್ಲಿ ಆದರೆ ಇನ್ನೂ ಜಾಸ್ತಿ ದಿನ ಬೇಕಾಗುತ್ತದೆ.

ಆ 17 ದಿನದ ಕತೆ ಅಮೆರಿಕದ ಓಟಗಾರ್ತಿ ಜೋನ್ ಬೆನೊಯ್ಟ್ ಅವರದು. 1984ರಲ್ಲಿ ಒಲಿಂಪಿಕ್ಸ್‌ಗೆ ಅಮೆರಿಕದ ತಂಡವನ್ನು ಆರಿಸುವ ಮ್ಯಾರಥಾನ್‌ಗೆ 17 ದಿನ ಇರುವಾಗ ಅವರ ಮಂಡಿಗೆ ಆಪರೇಷನ್ ಆಯಿತು, ಆಮೇಲೆ ಆ ಓಟ ಗೆದ್ದರು, ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್ ಅನ್ನೂ ಗೆದ್ದರು. ನಿಜ. ಆದರೆ ಅದು ಸಣ್ಣ ತೂತು ಮಾಡಿ ಮಂಡಿಯೊಳಗೆ ಅಡ್ಡ ಬರುತ್ತಿದ್ದ ಅಂಗಾಂಶವನ್ನು ತೆಗೆದ ಆಪರೇಷನ್, ಬಿರುಕು ಬಿಟ್ಟ ಮೂಳೆ ಅಲ್ಲ. ಅವಸರ ಮಾಡಿದ್ದಕ್ಕೆ ಇನ್ನೊಂದು ಕಾಲಿನ ತೊಡೆಯ ಹಿಂದಿನ ಸ್ನಾಯುವಿಗೂ ಅವರು ಪೆಟ್ಟು ಮಾಡಿಕೊಂಡಿದ್ದರು. ಈ ಕತೆಯಲ್ಲಿ ನನಗೆ ಇಷ್ಟವಾಗುವುದು ಬೇರೆಯೇ ಒಂದು ವಿಷಯ. ಓಡಲಾಗದ ಆ ದಿನಗಳಲ್ಲಿ ಅವರು ಸೈಕಲ್ಲಿನ ಪೆಡಲನ್ನು ಕೈಯಿಂದ ತಿರುಗಿಸುತ್ತಿದ್ದರು. ಕಾಲು ಆಗದಿದ್ದರೆ ಕೈ. ನೀವೂ ಡಾಕ್ಟರನ್ನು ಕೇಳಿ ಈಜು, ಸೈಕಲ್, ಆಳದ ನೀರಿನಲ್ಲಿ ನೆಲ ಮುಟ್ಟದ ಹಾಗೆ ಓಡುವುದು, ಇವುಗಳಲ್ಲಿ ಒಂದನ್ನು ಹಿಡಿಯಿರಿ. ದಮ್ಮು ಉಳಿಯುತ್ತದೆ, ತಲೆಯೂ ಸರಿಯಿರುತ್ತದೆ.

ಇನ್ನು, ನೀವು ಹೋಗ್ತಾ ಹೋಗ್ತಾ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದಿರಲ್ಲ, "ಏನೋ ಒಂದಿಷ್ಟು ತಿಂದು ಮಲಗುತ್ತೇನೆ" ಎಂದು, ನಾನು ಅಲ್ಲೇ ನಿಂತೆ. ನಿಮ್ಮ ಪತ್ರದಲ್ಲಿ ಕಾಲಿನ ನೋವು ಬೇರೆ, ನಗರದ ಒಂಟಿತನ ಬೇರೆ ಎಂಬ ಹಾಗೆ ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಜೊತೆಗೆ ಯಾರಿಲ್ಲ ಎಂದು ಊಟ ಅರ್ಧವಾಯಿತು. ಬೆಳಗ್ಗೆ ಬೇಗ ಏಳಬೇಕು, ರಾತ್ರಿ ನಿದ್ದೆ ಬರುವುದಿಲ್ಲ, ಹಾಗಾಗಿ ನಿದ್ದೆ ಅರ್ಧವಾಯಿತು. ಓಟ ಮಾತ್ರ ಎರಡು ಪಟ್ಟಾಯಿತು. ತಿನ್ನುವುದಕ್ಕಿಂತ ಸುಡುವುದು ಜಾಸ್ತಿ ಆದಾಗ ದೇಹ ಉಳಿತಾಯಕ್ಕೆ ಇಳಿಯುತ್ತದೆ, ಮೂಳೆ ಕಟ್ಟುವಂಥ ಕೆಲಸಗಳನ್ನು ಹಿಂದಕ್ಕೆ ತಳ್ಳುತ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟಿತು, ರೆಡ್-ಎಸ್ ಎನ್ನುತ್ತಾರೆ. ಗಂಡಸರಿಗೂ ಆಗುತ್ತದೆ. ಹೆಂಗಸರಲ್ಲಿ ಮೊದಲು ಗೊತ್ತಾಗುವ ಗುರುತುಗಳಲ್ಲಿ ಒಂದು ಮುಟ್ಟು ಏರುಪೇರಾಗುವುದು, ಇಲ್ಲವೇ ನಿಂತೇಹೋಗುವುದು. ನಿಮಗೆ ಹಾಗೆ ಏನಾದರೂ ಆಗಿದ್ದರೆ ಅದು ಓಟದ ಸುಸ್ತು ಎಂದುಕೊಂಡು ಸುಮ್ನಿರಬೇಡಿ, ಡಾಕ್ಟರಿಗೆ ಹೇಳಲೇಬೇಕಾದ ಮಾತು ಅದು. ವಿಟಮಿನ್ ಡಿ ಪರೀಕ್ಷೆ ಬೇಕಾ ಎಂದೂ ಕೇಳಿ. ಬೆಳಕು ಹರಿಯುವ ಮುಂಚೆ ಓಡಿ, ಹಗಲೆಲ್ಲ ಆಫೀಸಿನ ಒಳಗೆ ಕೂತರೆ ಮೈಗೆ ಬಿಸಿಲು ಬೀಳುವುದು ಯಾವಾಗ?

ಆದ್ದರಿಂದ ಇನ್ನು ಮೂರು ವಾರ ನಿಮ್ಮ ತರಬೇತಿ ಇದು: ರಾತ್ರಿ ಹೊಟ್ಟೆ ತುಂಬ ಊಟ. ತಟ್ಟೆಗೆ ಬಡಿಸಿಕೊಂಡು, ಕೂತು ಊಟ ಮಾಡಿ, ಪಾತ್ರೆಯಿಂದಲೇ ನಿಂತುಕೊಂಡು ಬೇಡ. ಓಟ ನಿಂತಿದೆ ಎಂದು ಊಟ ಕಡಿಮೆ ಮಾಡಲೂಬೇಡಿ. ಈಗ ಮೂಳೆ ಕಟ್ಟುವ ಕೆಲಸ ನಡೆಯುತ್ತಿದೆ, ಅದಕ್ಕೆ ಸಾಮಾನು ಬೇಕು. ಬೆಳಗಿನ ಅಲಾರಂ ಇನ್ನೂ ಅದೇ ಹೊತ್ತಿಗೆ ಹೊಡೆಯುತ್ತಿದ್ದರೆ ತೆಗೆದುಬಿಡಿ.

ನನ್ನದೂ ಒಂದು ವಿಷಯ ಹೇಳುತ್ತೇನೆ. ನಾನು ಹೊಸದಾಗಿ ನಗರಕ್ಕೆ ಬಂದ ವರ್ಷ ಕಾಲು ಉಳುಕಿ ಆರು ವಾರ ಕುಂಟಿದೆ. ಮೂರನೇ ಮಹಡಿಯಲ್ಲಿ ಮನೆ, ಲಿಫ್ಟ್ ಇಲ್ಲ. ಅಲ್ಲಿಯವರೆಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುತ್ತಿದ್ದವನಿಗೆ ಪಕ್ಕದ ಬಾಗಿಲುಗಳಲ್ಲಿ ಯಾರಿದ್ದಾರೆ ಎಂದೇ ಗೊತ್ತಿರಲಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ಅಜ್ಜಿಯೊಬ್ಬರು ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ ಮೆಟ್ಟಿಲ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇತ್ತು. ಕೂತು ಹೋಗು ಎಂದರು. ಆ ಸ್ಟೂಲ್ ಆರು ವಾರವೂ ಅಲ್ಲೇ ಇತ್ತು. ಆ ನಗರದಲ್ಲಿ ನನ್ನನ್ನು ಮೊದಲು ಹೆಸರು ಹಿಡಿದು ಕರೆದವರು ಅವರು. ಕಾಲು ಉಳುಕಿದ್ದು ಒಳ್ಳೆಯದಾಯಿತು ಎಂದು ಹೇಳುತ್ತಿಲ್ಲ, ಬಹಳ ನೋವಿತ್ತು. ಆದರೆ ಕುಂಟುವುದನ್ನು ಯಾರಿಗೂ ತೋರಿಸದೆ ಮನೆಯೊಳಗೇ ಕೂತಿದ್ದರೆ ಆ ಸ್ಟೂಲ್ ಬರುತ್ತಿರಲಿಲ್ಲ.

ನೀವು ಎಲ್ಲರಿಂದಲೂ ಮುಚ್ಚಿಟ್ಟಿದ್ದೀರಿ. ಗುಂಪಿನವರಿಗೆ ಕೆಲಸದ ನೆಪ, ಅಮ್ಮನಿಗೆ ಆರಾಮಿದ್ದೇನೆ ಎಂಬ ಮಾತು. ಐದು ವಾರದಿಂದ ಈ ಸುಳ್ಳನ್ನು ಒಬ್ಬರೇ ಹೊತ್ತಿದ್ದೀರಿ, ನಿದ್ದೆ ಹೇಗೆ ಬರಬೇಕು? ಇವತ್ತೇ ಗುಂಪಿಗೆ ಎರಡು ಸಾಲು ಬರೆಯಿರಿ: "ಕೆಲಸ ಜಾಸ್ತಿ ಎಂದು ಹೇಳಿದ್ದೆ, ಅದು ಪೂರ್ತಿ ನಿಜ ಅಲ್ಲ. ಕಾಲಿಗೆ ಸ್ಟ್ರೆಸ್ ಫ್ರಾಕ್ಚರ್ ಆಗಿದೆ, ಓಡಲು ಆಗುವುದಿಲ್ಲ, ಆದರೆ ಭಾನುವಾರ ಓಟ ಮುಗಿಯುವ ಹೊತ್ತಿಗೆ ಬರುತ್ತೇನೆ." ಆಮೇಲೆ ನಿಜವಾಗಿ ಹೋಗಿ. ನೀರಿನ ಬಾಟಲಿ ಹಿಡಿದು ನಿಲ್ಲಿ, ಅವರ ಬ್ಯಾಗುಗಳನ್ನು ನೋಡಿಕೊಳ್ಳಿ. ಮೊದಲ ದಿನ ಕಷ್ಟ ಆಗುತ್ತದೆ. ಬೆವರಿಳಿಸಿಕೊಂಡು ಬಂದವರ ನಡುವೆ ಒಣ ಬಟ್ಟೆಯಲ್ಲಿ ನಿಲ್ಲುವುದು ನಿಮ್ಮಂಥವರಿಗೆ ಸುಲಭ ಅಲ್ಲ, ಗೊತ್ತು. ಗುಂಪಿನ ಎಲ್ಲರೂ ನಿಮ್ಮನ್ನು ವಿಚಾರಿಸಿಕೊಳ್ಳುತ್ತಾರೆ ಎಂದೂ ಇಟ್ಟುಕೊಳ್ಳಬೇಡಿ, ಕೆಲವರಿಗೆ ಓಟ ಮುಗಿದರೆ ಮನೆ. ಒಬ್ಬರೋ ಇಬ್ಬರೋ "ನನಗೂ ಹೀಗೇ ಆಗಿತ್ತು" ಎನ್ನುತ್ತಾರೆ. ಎಷ್ಟೋ ವರ್ಷ ಓಡಿದವರಲ್ಲಿ ಪೆಟ್ಟು ತಿನ್ನದವರು ಸಿಗುವುದೇ ಅಪರೂಪ. ಅವರ ನಂಬರ್ ತೆಗೆದುಕೊಳ್ಳಿ.

ಅಮ್ಮನಿಗೂ ಹೇಳಿ. ವಾಪಸ್ ಬಾ ಎನ್ನುತ್ತಾರೆ, ನಿಜ, ಒಂದು ವಾರ ದಿನಾ ಎನ್ನುತ್ತಾರೆ. ಎನ್ನಲಿ ಬಿಡಿ. ಮಗಳ ಮೂಳೆ ಬಿರುಕು ಬಿಟ್ಟದ್ದು ಆರು ತಿಂಗಳಾದ ಮೇಲೆ ಬೇರೆ ಯಾರಿಂದಲೋ ಗೊತ್ತಾದರೆ ಅದು ಅವರಿಗೆ ಇನ್ನೂ ದೊಡ್ಡ ನೋವು, ಅಲ್ವಾ?

ಹಾಫ್ ಮ್ಯಾರಥಾನ್ ಬಿಟ್ಟುಬಿಡಿ. ಎಂಟನೇ ವಾರ ಡಾಕ್ಟರ್ ಒಪ್ಪಿದರೂ ಆಮೇಲೆ ಉಳಿಯುವುದು ಆರೇ ವಾರ, ಅಷ್ಟರಲ್ಲಿ ಸೊನ್ನೆಯಿಂದ 21 ಕಿಲೋಮೀಟರ್ ಎಂದರೆ ಮೊದಲು ಮಾಡಿದ ತಪ್ಪನ್ನೇ ಇನ್ನೊಮ್ಮೆ ಮಾಡಿದ ಹಾಗೆ. ವಾಪಸ್ ಓಡುವುದು ಹೀಗಿರಲಿ. ಡಾಕ್ಟರ್ ಅಥವಾ ಫಿಸಿಯೋ ಒತ್ತಿ ನೋಡಿ, ಒಂಟಿ ಕಾಲಲ್ಲಿ ಕುಣಿಸಿ ನೋಡಿ ಸರಿ ಎನ್ನಲಿ. ಆ ಪರೀಕ್ಷೆಯನ್ನು ಈಗ ನೀವೇ ರೂಮಿನಲ್ಲಿ ಮಾಡಿಕೊಳ್ಳಬೇಡಿ. ಚುರುಕಾಗಿ ಅರ್ಧ ಗಂಟೆ ನಡೆದರೂ ನೋವು ಸುಳಿಯಬಾರದು, ಒಂದು ದಿನವಲ್ಲ, ಒಂದು ವಾರ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಹತ್ತು ಸಲ, ಒಂದು ದಿನ ಬಿಟ್ಟು ಒಂದು ದಿನ. ಮೊದಲು ಹೊತ್ತು ಹೆಚ್ಚಿಸಿ, ವೇಗ ಕೊನೆಗೆ. ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ) ತೊಂದರೆಯಲ್ಲಿ ಸ್ವಲ್ಪ ನೋವಿದ್ದರೂ ಓಡಬಹುದು ಎಂದು ಗುಂಪಿನಲ್ಲಿ ಯಾರಾದರೂ ಹೇಳಬಹುದು, ಅದು ಹಿಮ್ಮಡಿಯ ಮೇಲಿನ ರಜ್ಜುವಿನಂಥ ಕಡೆ ಸರಿ. ಮೂಳೆಗೆ ಆ ಮಾತು ಒಪ್ಪುವುದಿಲ್ಲ. ಅದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂಥ ನೋವು ಓಡುವಾಗ ಬಂದರೂ ನಿಲ್ಲಿಸಿ, ಅವತ್ತು ರಾತ್ರಿಯೋ ಮರುದಿನ ಬೆಳಗ್ಗೆಯೋ ಬಂದರೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಆಗಲೂ ನೋವು ಹೋಗದಿದ್ದರೆ ಡಾಕ್ಟರನ್ನು ನೋಡಿ. ನೋವಿನ ಮಾತ್ರೆ ನುಂಗಿ ಓಡಬೇಡಿ. ಮೂರು ವಾರ ನೀವು ಕಳೆದುಕೊಂಡದ್ದು ಅದರಿಂದಲೇ.

ಊರಿಗೆ ಹೋಗಿಬಿಡಲೇ ಎಂದಿರಿ. ಹೋಗುವುದರಲ್ಲಿ ಸೋಲೇನೂ ಇಲ್ಲ, ನಗರ ಎಲ್ಲರಿಗೂ ಹಿಡಿಸಲೇಬೇಕೆಂದೂ ಇಲ್ಲ. ಆದರೆ ನೀವು ಇಲ್ಲಿ ನೋಡಿರುವುದು ಆಫೀಸು, ರೂಮು, ಓಡುವ ದಾರಿ, ಇಷ್ಟೇ. ಓಡುವ ದಾರಿ ಮುಚ್ಚಿತು, ನಗರವೇ ಮುಚ್ಚಿದ ಹಾಗಾಯಿತು. ಈಗ ಡಾಕ್ಟರ್ ಒಪ್ಪಿದಷ್ಟು ಸಂಜೆ ನಡೆಯಿರಿ, ದಿನಾ ಒಂದೇ ಬೀದಿಯಲ್ಲಿ, ಒಂದೇ ಹೊತ್ತಿಗೆ. ಅದೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತವೆ, ಎರಡನೇ ವಾರಕ್ಕೆ ಯಾರೋ ತಲೆಯಾಡಿಸುತ್ತಾರೆ. ನಡೆಯಲು ದೊಡ್ಡ ರಸ್ತೆ ಬಿಟ್ಟು ಒಳಬೀದಿ ಹಿಡಿಯಿರಿ, ವಾಹನದ ಹೊಗೆ ಮುಖ್ಯ ರಸ್ತೆಯಿಂದ ಸ್ವಲ್ಪ ದೂರ ಹೋದರೇ ಸಾಕಷ್ಟು ಇಳಿಯುತ್ತದೆ. ಮುಂದೆ ಓಡುವಾಗಲೂ ಅದೇ ಬೀದಿ ಇಟ್ಟುಕೊಳ್ಳಬಹುದು. ಒಂದು ಶನಿವಾರ ಊರಿಗೂ ಹೋಗಿ ಬನ್ನಿ, ಹೊಟ್ಟೆ ತುಂಬ ಊಟ ಮಾಡಿ, ನಿದ್ದೆ ಮಾಡಿ. ಇರುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಕಾಲು ಗುಣವಾಗಿ, ಓಡಲು ಶುರು ಮಾಡಿ, ಮೂರು ತಿಂಗಳಾದ ಮೇಲೆ ತೆಗೆಯಿರಿ. ಆಗಲೂ ಹೋಗಬೇಕು ಅನ್ನಿಸಿದರೆ ಹೋಗಿ, ನಾನು ಬೇಡ ಎನ್ನುವುದಿಲ್ಲ.

ಬೆಳಗಾಗುತ್ತಲೇ ಅಳು ಬರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಬದುಕೇ ಬೇಡ ಅನ್ನಿಸುವುದು, ಇಂಥದ್ದೇನಾದರೂ ಇದ್ದರೆ ಮೂರು ತಿಂಗಳ ಮಾತು ಬಿಡಿ, ಈ ವಾರವೇ ಮಾನಸಿಕ ವೈದ್ಯರ ಹತ್ತಿರ ಹೋಗಿ. ಬದುಕು ಬೇಡ ಅನ್ನಿಸಿದರೆ ಈ ವಾರ ಎಂದೂ ಕಾಯಬೇಡಿ, ಅವತ್ತೇ.

ಎಂಟನೇ ವಾರದ ತಪಾಸಣೆಯಲ್ಲಿ ಏನು ಹೇಳಿದರು ಎಂದು ನನಗೆ ಬರೆಯಿರಿ. ಗುಂಪಿನವರು ಏನೆಂದರು ಎಂಬುದನ್ನೂ.